ಜಾರುವ ರೇಯಾನಿನಲ್ಲಿ ಅರ್ಧ ತೋಳಿನ ಶರ್ಟ್: ಮುಂಬಯಿಯ ಮನೆಯಲ್ಲೇ ಹೊಲಿಯುವ ಬಗೆ

ಶರ್ಟಿನ ಗುಂಡಿ ಹಾಕಿ ನೋಡಿದರೆ ಎಡಭಾಗ ಬಲಭಾಗಕ್ಕಿಂತ ಒಂದು ಬೆರಳು ಕೆಳಗಿಳಿದಿದೆ. ಪಕ್ಕದ ಹೊಲಿಗೆ ಹೊಟ್ಟೆಯ ಕಡೆಗೆ ತಿರುಚಿಕೊಂಡಿದೆ. ಕಾಲರಿನ ಒಂದು ಮೂಲೆ ಚೂಪು, ಇನ್ನೊಂದು ಮೊಂಡು. ರೇಯಾನಿನಲ್ಲಿ ಮೊದಲ ಸಲ ಶರ್ಟ್ ಹೊಲಿದವರ ಪಾಡು ಬಹುಪಾಲು ಹೀಗೇ ಇರುತ್ತದೆ, ಬೈಗುಳ ತಿನ್ನುವುದು ಮಾತ್ರ ಮಷೀನು. ಆದರೆ ತಪ್ಪು ನಡೆದದ್ದು ಹಿಂದಿನ ದಿನ, ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೆಲಕ್ಕೆ ಹಾಸಿ ಕತ್ತರಿ ಹಾಕಿದಾಗ. ಜಾರುವ ಬಟ್ಟೆಯನ್ನು ಮಷೀನಿನ ಕೆಳಗೆ ಹಿಡಿದು ಪಳಗಿಸಲು ಆಗುವುದಿಲ್ಲ. ಮೊದಲು ಅದರ ಜಾರುವಿಕೆಯನ್ನೇ ಕೆಲಕಾಲ ನಿಲ್ಲಿಸಬೇಕು, ಆಮೇಲೆ ಕತ್ತರಿಸಬೇಕು. ಶನಿವಾರ, ಭಾನುವಾರ ಎರಡು ದಿನ ಸಿಕ್ಕಿದರೆ ಶನಿವಾರ ಪೂರ್ತಿ ಬಟ್ಟೆ ಸಿದ್ಧಮಾಡಲು ಮತ್ತು ಕತ್ತರಿಸಲು ಇಟ್ಟುಕೊಳ್ಳಿ.

ಇಲ್ಲಿ ಹೇಳುವುದು ಸ್ಟ್ಯಾಂಡ್ (ಕಾಲರನ್ನು ಎತ್ತಿ ನಿಲ್ಲಿಸುವ ಪಟ್ಟಿ) ಇಲ್ಲದ, ಚಪ್ಪಟೆಯಾಗಿ ಹರಡುವ ತೆರೆದ ಕಾಲರಿನ ಅರ್ಧ ತೋಳಿನ ಶರ್ಟಿನ ಬಗ್ಗೆ. ಮುಂಬಯಿಯ ಸೆಕೆಗೆ, ಗೋವಾದ ಗಾಳಿಗೆ ಇದಕ್ಕಿಂತ ಹಿತವಾದ ಉಡುಪು ಕಡಿಮೆ. ಸ್ಟ್ಯಾಂಡ್ ಕಾಲರ್ ಮತ್ತು ಕಫ್ ಎರಡೂ ಇಲ್ಲದಿರುವುದರಿಂದ ಜಾರುವ ಬಟ್ಟೆಯಲ್ಲಿ ಕೈ ಪಳಗಿಸಿಕೊಳ್ಳಲೂ ಇದೇ ಸರಿ.

ಬಟ್ಟೆ ಕೊಳ್ಳುವಾಗ

ದಾದರಿನ ಹಿಂದ್‌ಮಾತಾದಲ್ಲಿ, ಕ್ರಾಫರ್ಡ್ ಮಾರ್ಕೆಟ್ ಬಳಿಯ ಮಂಗಳದಾಸ್ ಮಾರ್ಕೆಟ್ಟಿನಲ್ಲಿ, ಪುಣೆಯವರಾದರೆ ಲಕ್ಷ್ಮೀ ರಸ್ತೆ ಮತ್ತು ರವಿವಾರ ಪೇಠೆಯಲ್ಲಿ ಇಂಥ ಬಟ್ಟೆಗೆ ಬರವಿಲ್ಲ. ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಪನ್ಹಾ ಎಷ್ಟು ಎಂದು, ಅಂದರೆ ಬಟ್ಟೆಯ ಅಗಲ. ರೇಯಾನ್ ಹೆಚ್ಚಾಗಿ 44 ಇಂಚು ಅಗಲದಲ್ಲಿ ಬರುತ್ತದೆ. ಎದೆಯಳತೆ 40 ಇಂಚಿನವರಿಗೆ ಅರ್ಧ ತೋಳಿನ ಶರ್ಟಿಗೆ ಲೆಕ್ಕದ ಪ್ರಕಾರ 2 ಮೀಟರ್ ಸಾಕು, ಆದರೆ 2.25 ಮೀಟರ್ ಕೊಳ್ಳಿ. ತೊಳೆದಾಗ ಕುಗ್ಗುವುದಕ್ಕೆ ಸ್ವಲ್ಪ ಹೋಗುತ್ತದೆ. ಅಂಗಡಿಯವರು ಜಾರುವ ಬಟ್ಟೆಯನ್ನು ನೇರವಾಗಿ ಕತ್ತರಿಸಿ ಕೊಡುವುದು ಅಪರೂಪವಾದ್ದರಿಂದ ಎರಡು ತುದಿಗಳನ್ನು ಸರಿಮಾಡಲು ಇನ್ನಷ್ಟು ಹೋಗುತ್ತದೆ. ಒಂದೇ ದಿಕ್ಕಿಗೆ ನಿಂತ ಹೂವು, ಎಲೆ, ಹಕ್ಕಿಗಳ ಪ್ರಿಂಟ್ ಆದರೆ 2.5 ಮೀಟರ್ ಬೇಕು.

ಹೆಸರನ್ನು ನಂಬಬೇಡಿ. ರೇಯಾನ್ ಎಂದು ಕೊಟ್ಟದ್ದು ಪಾಲಿಯೆಸ್ಟರ್ ಆಗಿರಬಹುದು, ರೇಷ್ಮೆ ಕ್ರೇಪ್ ಎಂದದ್ದೂ ಪಾಲಿಯೆಸ್ಟರ್ ಆಗಿರಬಹುದು. ಅಂಚಿನಿಂದ ನಾಲ್ಕೈದು ಎಳೆ ಕಿತ್ತು ಚಿಮುಟದಲ್ಲಿ ಹಿಡಿದು ಬೆಂಕಿ ತಾಗಿಸಿ ನೋಡಿ. ರೇಯಾನ್ ಕಾಗದದಂತೆ ಉರಿದು ಹಗುರ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಇದು ತಿಳಿಯದೆ ಮುಂದೆ ಹೋಗಬಾರದು, ಏಕೆಂದರೆ ಗಂಜಿ, ಇಸ್ತ್ರಿಯ ಬಿಸಿ, ಒಗೆತ ಮೂರೂ ನಿರ್ಧಾರವಾಗುವುದು ಇದರ ಮೇಲೆ.

ಬಟ್ಟೆ ಜಾರುವುದಕ್ಕೆ ಕಾರಣ ಅದರ ನೂಲು. ಹತ್ತಿಯ ನೂಲಿನಲ್ಲಿ ಚಿಕ್ಕ ಚಿಕ್ಕ ನಾರಿನ ತುದಿಗಳು ಹೊರಚಾಚಿರುತ್ತವೆ, ಒಂದು ಪದರ ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಸ್ಯಾಟಿನ್, ಜಾರ್ಜೆಟ್, ರೇಷ್ಮೆಗಳ ನೂಲು ಉದ್ದನೆಯ ನುಣುಪು ಎಳೆ, ಹಿಡಿತವೇ ಇಲ್ಲ. ರೇಯಾನಿನ ನೂಲು ಕೂಡ ನುಣುಪು, ಮೇಲಿಂದ ನೇಯ್ಗೆ ಸಡಿಲ. ಹಾಗಾಗಿ ಪದರದ ಮೇಲೆ ಪದರ ಜಾರುವುದಷ್ಟೇ ಅಲ್ಲ, ಒಂದೇ ಪದರದೊಳಗೆ ಹಾಸುಹೊಕ್ಕಿನ ಎಳೆಗಳೂ ಓರೆಯಾಗುತ್ತವೆ. ಕತ್ತರಿಸುವಾಗ ಚೌಕವಾಗಿ ಕಂಡದ್ದು ಎತ್ತಿ ಹಿಡಿದರೆ ಸೊಟ್ಟಗಾಗುವುದು ಇದರಿಂದಲೇ.

ತೊಳೆಯುವುದು, ಎಳೆ ನೇರ ಮಾಡುವುದು

ಮೊದಲು ತೊಳೆಯಿರಿ. ಬಟ್ಟೆಯ ನಡುವೆ 50 ಸೆಂ.ಮೀ. ಉದ್ದಗಲದ ಚೌಕವನ್ನು ನಾಲ್ಕು ಮೂಲೆಗಳಲ್ಲಿ ಬಣ್ಣದ ದಾರದಿಂದ ಗುರುತು ಮಾಡಿಟ್ಟು, ಒಣಗಿದ ಮೇಲೆ ಅಳೆದು ನೋಡಿದರೆ ಎಷ್ಟು ಕುಗ್ಗಿತೆಂದು ನಿಖರವಾಗಿ ಗೊತ್ತಾಗುತ್ತದೆ. 50 ಇದ್ದದ್ದು 48 ಆದರೆ ನೂರಕ್ಕೆ ನಾಲ್ಕು ಕುಗ್ಗಿದೆ, ಅಂದರೆ 72 ಸೆಂ.ಮೀ. ಉದ್ದದ ಶರ್ಟಿನಲ್ಲಿ ಸುಮಾರು 3 ಸೆಂ.ಮೀ. ಇಷ್ಟು ಕುಗ್ಗಿದ್ದರೆ ಇನ್ನೊಮ್ಮೆ ತೊಳೆಯಿರಿ, ಎರಡನೇ ಸಲವೂ ಸ್ವಲ್ಪ ಕುಗ್ಗುವುದುಂಟು. ರೇಯಾನನ್ನು ಎಂದೂ ಹಿಂಡಬೇಡಿ. ಒದ್ದೆಯಾದಾಗ ಅದರ ಬಲ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಬೇಕು.

ಒಣಗಿದ ಮೇಲೆ ತುದಿ ನೇರ ಮಾಡಿ. ಕಿನಾರೆಯಲ್ಲಿ, ಅಂದರೆ ಬಟ್ಟೆಯ ನೇಯ್ದ ಉದ್ದಂಚಿನಲ್ಲಿ, ಸಣ್ಣ ಕಚ್ಚು ಹಾಕಿ ಒಂದೇ ಒಂದು ಅಡ್ಡ ಎಳೆಯನ್ನು ಹಿಡಿದು ಮೆಲ್ಲಗೆ ಎಳೆಯಿರಿ. ಎಳೆ ಬಂದ ದಾರಿಯಲ್ಲಿ ತೆಳ್ಳಗೆ ಗೆರೆ ಮೂಡುತ್ತದೆ, ಆ ಗೆರೆಯ ಮೇಲೆಯೇ ಕತ್ತರಿ ಹೋಗಬೇಕು. ಎಳೆ ನಡುವೆ ತುಂಡಾಗುತ್ತದೆ, ಅಲ್ಲಿಯವರೆಗೆ ಕತ್ತರಿಸಿ ಪಕ್ಕದ ಎಳೆ ಹಿಡಿದು ಮುಂದುವರಿಸಿ. 44 ಇಂಚು ಅಗಲ ದಾಟಲು ಕಾಲು ಗಂಟೆಯಾದರೂ ಬೇಕು. ಈ ಕೆಲಸ ಬಿಟ್ಟರೆ ಮುಂದಿನ ಅಳತೆಗಳೆಲ್ಲ ಸುಳ್ಳಾಗುತ್ತವೆ, ಎರಡೂ ತುದಿಗಳಿಗೆ ಮಾಡಿ.

ಗಂಜಿಗೆ ಮೊದಲು ಒಂದು ತುಂಡು ಬೇರೆ ತೆಗೆಯಿರಿ

ಕಾಲರಿಗೂ ಮುಂಭಾಗದ ಅಂಚಿನ ಒಳಗೆ ಕೂರುವ ಒಳಪಟ್ಟಿಗೂ ಪೇಸ್ಟಿಂಗ್ ಬೇಕು, ಅಂದರೆ ಇಸ್ತ್ರಿಯ ಬಿಸಿಗೆ ಅಂಟಿ ಬಟ್ಟೆಗೆ ಗಟ್ಟಿತನ ಕೊಡುವ ಒಳಬಟ್ಟೆ. ಗಂಜಿ ಹಾಕಿದ ಬಟ್ಟೆಗೆ ಪೇಸ್ಟಿಂಗ್ ಅಂಟಿಸಿದರೆ ಅದು ಅಂಟುವುದು ಬಟ್ಟೆಗಲ್ಲ, ಮೇಲಿನ ಗಂಜಿಯ ಪದರಕ್ಕೆ. ಮೊದಲ ಒಗೆತದಲ್ಲಿ ಗಂಜಿ ಕರಗುತ್ತದೆ, ಕಾಲರಿನ ಮೇಲೆ ಗುಳ್ಳೆ ಏಳುತ್ತದೆ. ಆದ್ದರಿಂದ ಮೊದಲೇ ಒಂದು ತುದಿಯಿಂದ 80 ಸೆಂ.ಮೀ. ಉದ್ದ ಅಳೆದು ಪೂರ್ತಿ ಅಗಲಕ್ಕೆ ಕತ್ತರಿಸಿ. ಅದರಲ್ಲಿ ಕಿನಾರೆಯ ಪಕ್ಕದಿಂದ 50 ಸೆಂ.ಮೀ. ಅಗಲದ ಪಟ್ಟಿಯನ್ನು ಬೇರೆ ಮಾಡಿ. ಈ 50ಕ್ಕೆ 80ರ ತುಂಡಿನಲ್ಲಿ 15 ಸೆಂ.ಮೀ. ಅಗಲದ ಎರಡು ಒಳಪಟ್ಟಿಗಳೂ ಕಾಲರಿನ ಎರಡು ಭಾಗಗಳೂ ಕೂರುತ್ತವೆ. ಉಳಿದ ಬಟ್ಟೆ ಗಂಜಿಗೆ.

ಆಕಾರ ಕತ್ತರಿಸಿ ಆಮೇಲೆ ಪೇಸ್ಟಿಂಗ್ ಅಂಟಿಸುವ ರೂಢಿ ಇದೆ. ಹತ್ತಿಗೆ ಅದು ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ತುಂಡು ಪೂರ್ತಿಯಾಗಿ ಇರುವಾಗಲೇ ಪೇಸ್ಟಿಂಗ್ ಹಾಕಿ, ಆರಿದ ಮೇಲೆ ಆಕಾರ ಕತ್ತರಿಸಿ. ಆಗ ಪೇಸ್ಟಿಂಗ್ ಬಿಸಿಗೆ ಕುಗ್ಗಿದರೂ ಅಳತೆ ಕೆಡುವುದಿಲ್ಲ, ಕತ್ತರಿಸುವಾಗಲೂ ಬಟ್ಟೆ ಅಲ್ಲಾಡುವುದಿಲ್ಲ. ಆಫೀಸಿನ ಶರ್ಟಿಗೆ ಹಾಕುವ ದಪ್ಪ ಬಕ್ರಮ್ ಬೇಡವೇ ಬೇಡ. ಬಟ್ಟೆಗಿಂತ ತೆಳುವಾದ, ಬಾಗಿದರೆ ಬಾಗುವ ಪೇಸ್ಟಿಂಗ್ ಕೇಳಿ. ಇಸ್ತ್ರಿ ರೇಯಾನಿಗೆ ಎರಡು ಚುಕ್ಕೆಯ ಬಿಸಿಯಲ್ಲಿ, ಪಾಲಿಯೆಸ್ಟರಿಗೆ ಒಂದು ಚುಕ್ಕೆಯಲ್ಲಿ ಇರಲಿ. ಮೇಲೆ ತೆಳು ಹತ್ತಿ ಬಟ್ಟೆ ಹಾಸಿ, ಒಂದೊಂದು ಜಾಗದಲ್ಲಿ 10ರಿಂದ 12 ಸೆಕೆಂಡು ಒತ್ತಿ ಹಿಡಿದು, ಎತ್ತಿ, ಪಕ್ಕಕ್ಕೆ ಇಡಿ. ಉಜ್ಜಿದರೆ ಎಳೆ ಓರೆಯಾಗಿ ಹಾಗೆಯೇ ಅಂಟಿಕೊಂಡುಬಿಡುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಪೂರ್ತಿ ತಣ್ಣಗಾಗುವವರೆಗೆ ಅಲ್ಲಾಡಿಸಬೇಡಿ.

ಸಬ್ಬಕ್ಕಿಯ ಗಂಜಿ

ಉಪವಾಸದ ಖಿಚಡಿಗೆಂದು ಈ ಊರಿನ ಯಾವ ಅಡುಗೆಮನೆಯಲ್ಲಾದರೂ ಸಬ್ಬಕ್ಕಿ ಇರುತ್ತದೆ. ಮರಾಠಿಯಲ್ಲಿ ಖಳ, ಹಿಂದಿಯಲ್ಲಿ ಕಲಫ್ ಎನ್ನುವ ಬಟ್ಟೆಯ ಗಂಜಿಗೆ ಅದೇ ಒಳ್ಳೆಯದು, ಏಕೆಂದರೆ ಬೆಂದಾಗ ಪಾರದರ್ಶಕವಾಗುತ್ತದೆ. ಅನ್ನದ ಗಂಜಿ ಗಾಢ ಬಣ್ಣದ ಮೇಲೆ ಬಿಳಿ ಮಚ್ಚೆ ಬಿಡುತ್ತದೆ.

ಎರಡು ದೊಡ್ಡ ಚಮಚ ಸಬ್ಬಕ್ಕಿಯನ್ನು ಒಂದು ಗಂಟೆ ನೆನೆಸಿ, ಒಂದು ಲೀಟರ್ ನೀರಿನಲ್ಲಿ ಕಾಳು ಕರಗಿ ತಿಳಿಯಾಗುವವರೆಗೆ ಕುದಿಸಿ. ತೆಳು ಪಂಚೆ ಬಟ್ಟೆಯಲ್ಲಿ ಸೋಸಿ, ಇನ್ನೊಂದು ಲೀಟರ್ ತಣ್ಣೀರು ಬೆರೆಸಿ. ಸೋಸದಿದ್ದರೆ ಉಳಿದ ಕಾಳು ಇಸ್ತ್ರಿಗೆ ಅಂಟಿ ಕಂದು ಕಲೆಯಾಗುತ್ತದೆ. ಮೊದಲು ಒಂದು ಚೂರನ್ನು ಅದ್ದಿ, ಇಸ್ತ್ರಿ ಮಾಡಿ ನೋಡಿ: ಕೈಯಲ್ಲಿ ಹಿಡಿದರೆ ತೆಳು ಕಂದು ಕಾಗದದಂತೆ ನಿಲ್ಲಬೇಕು. ಬಾಗಿ ಬಿದ್ದರೆ ಗಂಜಿಯನ್ನು ಇನ್ನಷ್ಟು ಕುದಿಸಿ ದಪ್ಪ ಮಾಡಿ. ಮುರಿದಂತೆ ಗೆರೆ ಬಿದ್ದರೆ ನೀರು ಹೆಚ್ಚಿಸಿ.

ಅದ್ದಿದ ಬಟ್ಟೆಯನ್ನು ಒಂದೇ ಹಗ್ಗದ ಮೇಲೆ ನೇತು ಹಾಕಿದರೆ ಒದ್ದೆಯ ಭಾರಕ್ಕೆ ಎಳೆ ಜಗ್ಗಿ ಸೊಟ್ಟಗಾಗುತ್ತದೆ. ಬಾಲ್ಕನಿಯಲ್ಲಿ ಹಗ್ಗ ಎಳೆದು ಮೇಲೇರಿಸುವ ಕೊಳವೆಗಳಿದ್ದರೆ ಅವುಗಳಲ್ಲಿ ಮೂರು ನಾಲ್ಕರ ಮೇಲೆ ಬಟ್ಟೆಯನ್ನು ಚಪ್ಪಟೆಯಾಗಿ ಹರಡಿ, ಕಿನಾರೆ ಕೊಳವೆಗೆ ನೇರವಾಗಿರಲಿ. ಇನ್ನೂ ಸ್ವಲ್ಪ ತೇವ ಇರುವಾಗಲೇ ತೆಗೆದು, ಉದ್ದ ಎಳೆಯ ದಿಕ್ಕಿನಲ್ಲಿ ಒತ್ತಿ ಒತ್ತಿ ಇಸ್ತ್ರಿ ಮಾಡಿ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿ, ಗೋವಾಗಳಲ್ಲಿ ಒಂದು ಎಚ್ಚರಿಕೆ ಬೇಕು. ಗಂಜಿ ಗಾಳಿಯ ತೇವ ಹೀರಿ ರಾತ್ರಿ ಕಳೆಯುವುದರೊಳಗೆ ಮೆತ್ತಗಾಗುತ್ತದೆ. ಕತ್ತರಿಸುವ ಮುನ್ನ ಇನ್ನೊಮ್ಮೆ ಬಿಸಿ ಇಸ್ತ್ರಿ ತೋರಿಸಿದರೆ ಮತ್ತೆ ಗಟ್ಟಿಯಾಗುತ್ತದೆ. ಕತ್ತರಿಸಿದ ತುಂಡುಗಳನ್ನು ವಾರಗಟ್ಟಲೆ ಇಡಬೇಡಿ, ಗಂಜಿಗೆ ಬೂಷ್ಟು ಬರುತ್ತದೆ, ಹುಳ ಬೀಳುತ್ತದೆ.

ಪಾಲಿಯೆಸ್ಟರ್ ಸ್ಯಾಟಿನ್ನಿಗೆ ಗಂಜಿ ಅಷ್ಟಾಗಿ ಹಿಡಿಯುವುದಿಲ್ಲ. ರೇಷ್ಮೆಗೆ, ಅದರಲ್ಲೂ ಹಳೆಯ ಮೈಸೂರು ಕ್ರೇಪ್ ಸೀರೆಯಿಂದ ಶರ್ಟ್ ಮಾಡುವವರಿಗೆ, ಗಂಜಿ ಬೇಡ. ನೀರಿನ ಕಲೆಯೂ ಜರಿಯ ಹಾಳೂ ಎರಡೂ ಅಪಾಯ. ಇವೆರಡಕ್ಕೂ ದಾರಿ ಕಾಗದ, ಮುಂದೆ ಹೇಳುವಂತೆ. ಪುಣೆಯ ಒಣಹವೆಯಲ್ಲಿ ಪಾಲಿಯೆಸ್ಟರ್ ವಿದ್ಯುತ್ ಹಿಡಿದು ಕೈಗೆ, ಕಾಗದಕ್ಕೆ ಅಂಟುತ್ತದೆ. ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ ಕೆಲಸ ಶುರುಮಾಡಿದರೆ ಆ ಕಾಟ ಕಡಿಮೆ.

ಕತ್ತರಿಸುವುದು

ಫ್ಯಾನ್ ಆರಿಸಿ. ಸೆಕೆಯಾದರೂ ಸಹಿಸಿಕೊಳ್ಳಿ, ತೆಳು ಬಟ್ಟೆ ಫ್ಯಾನಿನ ಗಾಳಿಗೆ ನೆಲದ ಮೇಲೆ ಅಲೆಯಾಡುತ್ತದೆ. ಟೈಲ್ಸಿನ ಮೇಲೆ ನೇರವಾಗಿ ಹಾಸಬೇಡಿ, ಜಾರುವುದರ ಮೇಲೆ ಜಾರುವುದನ್ನು ಇಟ್ಟಂತೆ. ಹತ್ತಿಯ ಚಾದರ ಹಾಸಿ, ಅದರ ಮೇಲೆ ಕಂದು ಕಾಗದ ಅಥವಾ ಬಟರ್ ಪೇಪರ್ ಹಾಸಿ, ಅದರ ಮೇಲೆ ಬಟ್ಟೆ. ವೃತ್ತಪತ್ರಿಕೆಯ ಶಾಯಿ ತಿಳಿ ಬಣ್ಣಕ್ಕೆ ಹತ್ತುತ್ತದೆ. ಕಾಗದದ ಮೇಲೆ ಚೌಕಳಿ ಗೆರೆ ಎಳೆದಿಟ್ಟುಕೊಂಡರೆ ಕಿನಾರೆಯನ್ನು ಗೆರೆಗೆ ಹೊಂದಿಸಿ ಎಳೆ ನೇರವಿದೆಯೇ ಎಂದು ಕಣ್ಣಲ್ಲೇ ನೋಡಬಹುದು.

ಇಡೀ ಕೆಲಸದಲ್ಲಿ ಮೀರಬಾರದ ನಿಯಮ ಇದೊಂದೇ: ಎರಡು ಮಡಿಕೆಯಲ್ಲಿ ಕತ್ತರಿಸಬೇಡಿ. ಬೆನ್ನಿನ ಪ್ಯಾಟರ್ನನ್ನು ಅರ್ಧವಾಗಿ ಇಟ್ಟು ಮಡಿಕೆಯಲ್ಲಿ ಕತ್ತರಿಸುವುದು ನಮಗೆಲ್ಲ ಕೈಗೆ ಬಂದ ಅಭ್ಯಾಸ. ಕೆಳಗಿನ ಪದರ ಎಲ್ಲಿ ಹೋಯಿತೆಂದು ಕಾಣುವುದಿಲ್ಲ, ಎತ್ತಿದಾಗ ಅದು ಅರ್ಧ ಇಂಚು ಸರಿದಿರುತ್ತದೆ. ಬೆನ್ನಿನ ಪೂರ್ತಿ ಪ್ಯಾಟರ್ನ್ ಕಾಗದದಲ್ಲಿ ಮಾಡಿಕೊಳ್ಳಿ. ಮುಂಭಾಗಕ್ಕೂ ತೋಳಿಗೂ ಎಡ ಒಂದು, ಬಲ ಒಂದು ಬೇರೆ ಬೇರೆ ಬರೆದು, ಎಡ ಬಲ ಎಂದು ಹೆಸರು ಹಾಕಿ. ಒಂದೇ ಪ್ಯಾಟರ್ನನ್ನು ಮಗುಚಲು ಮರೆತು ಎರಡೂ ಎಡಭಾಗ ಕತ್ತರಿಸುವುದು ಈ ವಿಧಾನದಲ್ಲಿ ಆಗುವ ದೊಡ್ಡ ನಷ್ಟ.

ಅಳತೆಯ ಲೆಕ್ಕ ಸರಳ. ತಯಾರಾದ ಶರ್ಟಿನ ಸುತ್ತಳತೆ ಎದೆಯಳತೆಗಿಂತ 5 ಇಂಚು ಹೆಚ್ಚು, ಉದ್ದ 28ರಿಂದ 29 ಇಂಚು, ತೋಳು 9ರಿಂದ 10 ಇಂಚು. ಮೈಗಂಟುವ ಅಳತೆ ಬೇಡ. ರೇಯಾನ್ ಇಳಿಬಿದ್ದರೇ ಚೆಂದ, ಬಿಗಿಯಾದರೆ ಹೊಲಿಗೆಯ ಬಳಿ ಎಳೆ ಬಿಟ್ಟುಕೊಳ್ಳುತ್ತದೆ. ಪಕ್ಕ, ಭುಜ, ತೋಳಿನ ಸುತ್ತಿಗೆ 1.5 ಸೆಂ.ಮೀ. ಮಾರ್ಜಿನ್, ಕಾಲರ್ ಮತ್ತು ಕತ್ತಿಗೆ 1 ಸೆಂ.ಮೀ. ಮಾರ್ಜಿನ್ ಇಡಿ. ತೋಳಿನ ತಲೆಯ, ಅಂದರೆ ಮೇಲಿನ ಬಾಗಿದ ಅಂಚಿನ ಉದ್ದ ಮೈಯಲ್ಲಿ ತೋಳು ಕೂರುವ ಆರ್ಮ್‌ಹೋಲಿಗಿಂತ 1.5 ಸೆಂ.ಮೀ.ಗಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ಈ ಬಟ್ಟೆಯಲ್ಲಿ ನೆರಿಗೆ ಬಿದ್ದೇ ಬೀಳುತ್ತದೆ.

ಗುಂಡುಸೂಜಿ ತೆಳುವಾಗಿರಲಿ, ಮಾರ್ಜಿನ್ನಿನೊಳಗೇ ಚುಚ್ಚಿ. ನಡುವೆ ಒತ್ತಿಗೆ ಅಕ್ಕಿ ತುಂಬಿದ ಸ್ಟೀಲ್ ಡಬ್ಬಿಗಳು ಸಾಕು. ಕಾಗದ, ಬಟ್ಟೆ, ಮೇಲೆ ಪ್ಯಾಟರ್ನ್, ಮೂರನ್ನೂ ಸೇರಿಸಿ ಕತ್ತರಿಸಿ. ಗಂಜಿ ಹಾಕಿದ ರೇಯಾನಿಗೆ ಕೆಳಗಿನ ಕಾಗದ ಇಲ್ಲದೆಯೂ ನಡೆದೀತು, ಗಂಜಿ ಇಲ್ಲದ ಸ್ಯಾಟಿನ್, ರೇಷ್ಮೆ, ಜಾರ್ಜೆಟ್‌ಗಳಿಗೆ ಅದು ಬೇಕೇ ಬೇಕು. ಒಂಬತ್ತು ಹತ್ತು ಇಂಚಿನ ಉದ್ದ ಕತ್ತರಿ, ಹೊಸದಾಗಿ ಸಾಣೆ ಹಿಡಿಸಿದ್ದು. ಕೆಳಗಿನ ಅಲಗು ನೆಲ ಬಿಡಬಾರದು, ಉದ್ದುದ್ದ ಕತ್ತರಿಸುತ್ತಾ ನೀವು ಬಟ್ಟೆಯ ಸುತ್ತ ಸರಿಯಿರಿ, ಬಟ್ಟೆಯನ್ನು ತಿರುಗಿಸಬೇಡಿ.

ಗುರುತಿಗೆ ಮೇಣದ ಚಾಕ್ ಬಳಸಿದರೆ ಇಸ್ತ್ರಿಗೆ ಕರಗಿ ಎಣ್ಣೆಯ ಕಲೆಯಾಗುತ್ತದೆ. ಅಂಚಿನಲ್ಲಿ 3 ಮಿ.ಮೀ. ಕಚ್ಚು, ಒಳಗಿನ ಗುರುತಿಗೆ ಸೂಜಿದಾರದ ಒಂದು ಟಾಕಾ ಹಾಕಿದರೆ ಸಾಕು.

ಮಷೀನು

ಹಳೆಯ ಕಪ್ಪು ಉಷಾ ಅಥವಾ ಸಿಂಗರ್, ಕಾಲಲ್ಲಿ ತುಳಿಯುವಂಥದ್ದು, ಮನೆಯಲ್ಲಿದ್ದರೆ ಅದನ್ನೇ ಹೊರತೆಗೆಯಿರಿ. ನೇರ ಹೊಲಿಗೆ ಮಾತ್ರ ಹಾಕುವ ಮಷೀನಿನ ತಗಡಿನಲ್ಲಿ ಸೂಜಿಯ ತೂತು ಚಿಕ್ಕದು, ದುಂಡಗಿರುತ್ತದೆ. ಝಿಗ್‌ಝ್ಯಾಗ್ ಮಷೀನಿನ ತೂತು ಅಗಲ, ಸೂಜಿ ಇಳಿಯುವಾಗ ತೆಳು ಬಟ್ಟೆಯನ್ನೂ ಒಳಗೆ ನೂಕಿ ಬಾಬಿನ್ನಿಗೆ ಸುತ್ತಿಸುತ್ತದೆ. ಅಂಥ ಮಷೀನಿಗೆ ನೇರ ಹೊಲಿಗೆಯ ತಗಡು ಸಿಗುತ್ತದೆ. ಇಲ್ಲವಾದರೆ ತೂತಿನ ಮೇಲೆ ಟೇಪ್ ಅಂಟಿಸಿ, ಸೂಜಿ ತಾನೇ ಅದರಲ್ಲಿ ತೂತು ಮಾಡಿಕೊಳ್ಳಲಿ. ಇದಾದ ಮೇಲೆ ಝಿಗ್‌ಝ್ಯಾಗ್ ಹಾಕುವ ಮುನ್ನ ತಗಡು ಬದಲಿಸಲು, ಟೇಪ್ ಕೀಳಲು ಮರೆಯಬೇಡಿ.

ಸೂಜಿ ಹೊಸದು, 9 ಅಥವಾ 11 ನಂಬರಿನದು. ಎಲ್ಲ ಮನೆಗಳಲ್ಲೂ ಹಾಕಿಯೇ ಇರುವ 16 ನಂಬರಿನ ಸೂಜಿ ರೇಯಾನಿನಲ್ಲಿ ತೂತು ಬಿಡುತ್ತದೆ. ಮೊಂಡಾದರೆ ಎಳೆ ಎಳೆದು ಹೊಲಿಗೆಗೆ ಅಡ್ಡಲಾಗಿ ಬಿಳಿ ಗೆರೆ ಬೀಳುತ್ತದೆ. ದಾರ ತೆಳು ಪಾಲಿಯೆಸ್ಟರ್, ಬಾಬಿನ್ನಿನಲ್ಲೂ ಅದೇ. ಹೊಲಿಗೆ 2 ಮಿ.ಮೀ., ಅಂದರೆ ಇಂಚಿಗೆ ಸುಮಾರು 12. ಮೇಲಿನ ದಾರದ ಬಿಗಿ 4ರಲ್ಲಿದ್ದರೆ 3ಕ್ಕೆ ಇಳಿಸಿ. ಪಾದದ ಒತ್ತಡವನ್ನೂ ಮೇಲಿನ ತಿರುಪಿನಿಂದ ಕಡಿಮೆ ಮಾಡಿ. ಕೆಳಗಿನ ಹಲ್ಲುಗಳು ಅಡಿಯ ಪದರವನ್ನು ಎಳೆದೊಯ್ಯುತ್ತವೆ, ಪಾದ ಮೇಲಿನ ಪದರವನ್ನು ತಡೆಯುತ್ತದೆ. ಪದರಗಳ ನಡುವೆ ಹಿಡಿತವಿಲ್ಲದ್ದರಿಂದ ಹೊಲಿಗೆಯ ಕೊನೆಯಲ್ಲಿ ಮೇಲಿನದು ಉದ್ದ ಉಳಿಯುತ್ತದೆ. ಒತ್ತಡ ತಗ್ಗಿಸಿದರೆ ಅರ್ಧ ತೊಂದರೆ ಹೋಗುತ್ತದೆ, ಇನ್ನರ್ಧ ಕಚ್ಚಾ ಹೊಲಿಗೆಯಿಂದ. ಕೈಯಿಂದ 1 ಸೆಂ.ಮೀ. ಉದ್ದದ ಟಾಕಾ ಹಾಕಿಕೊಂಡು ಮಷೀನಿಗೆ ಕೂತವರ ಹೊಲಿಗೆ ಜರುಗುವುದಿಲ್ಲ. ಹತ್ತು ನಿಮಿಷ ಉಳಿಸಲು ಹೋಗಿ ಒಂದು ಗಂಟೆ ಬಿಚ್ಚುತ್ತಾ ಕೂರುವುದು ಬೇಡ, ರೇಯಾನ್ ಬಿಚ್ಚಿದ ಜಾಗದಲ್ಲಿ ತೂತಿನ ಗುರುತು ಉಳಿಸಿಕೊಳ್ಳುತ್ತದೆ.

ಶುರುವಿನಲ್ಲಿ ಎರಡೂ ದಾರಗಳ ತುದಿಯನ್ನು ಹಿಂದಕ್ಕೆ ಹಿಡಿದುಕೊಳ್ಳಿ. ಅಂಚಿನ ಕೆಳಗೆ ಕಾಗದದ ಚೂರು ಇಟ್ಟು ಕಾಗದದ ಮೇಲಿಂದಲೇ ಹೊಲಿಗೆ ಆರಂಭಿಸಿ, ಆಮೇಲೆ ಹರಿದು ತೆಗೆಯಿರಿ. ಹಿಂದೆ ಮುಂದೆ ಓಡಿಸಿ ಗಟ್ಟಿ ಮಾಡುವ ಬದಲು ಕೊನೆಯ ಅರ್ಧ ಇಂಚಿಗೆ ಹೊಲಿಗೆಯನ್ನು 1 ಮಿ.ಮೀ.ಗೆ ಇಳಿಸಿ.

ಜೋಡಿಸುವ ಕ್ರಮ

ಕತ್ತರಿಸಿದ ತುಂಡುಗಳನ್ನು ಕಾಗದದಿಂದ ಎತ್ತುವ ಮೊದಲೇ ಕತ್ತಿನ ಸುತ್ತಿಗೆ ಅಂಚಿನಿಂದ 8 ಮಿ.ಮೀ. ಒಳಗೆ ಒಂದು ಸಾಲು ಕಾವಲು ಹೊಲಿಗೆ ಹಾಕಿ, ಭುಜದಿಂದ ನಡುವಿಗೆ, ಆಮೇಲೆ ಇನ್ನೊಂದು ಭುಜದಿಂದ ನಡುವಿಗೆ. ಕತ್ತು ಓರೆಯಲ್ಲಿ ಕತ್ತರಿಸಿದ ಭಾಗ, ಕೈಯಲ್ಲಿ ಹಿಡಿದಷ್ಟೂ ಹಿಗ್ಗುತ್ತದೆ. ಹಿಗ್ಗಿದ ಕತ್ತಿಗೆ ಯಾವ ಕಾಲರೂ ಸರಿಹೋಗುವುದಿಲ್ಲ.

ಜೇಬು ಬೇಕಿದ್ದರೆ ಈಗಲೇ. ಅಂಚುಗಳನ್ನು ರಟ್ಟಿನ ಅಚ್ಚಿನ ಮೇಲೆ ಮಡಚಿ ಇಸ್ತ್ರಿ ಮಾಡಿ, ನೀರಿನಲ್ಲಿ ಕರಗುವ ಗೋಂದಿನ ಕಡ್ಡಿಯಿಂದ ಅಂಟಿಸಿ, ಆಮೇಲೆ ಹೊಲಿಯಿರಿ.

ಬೆನ್ನಿನ ಮೇಲ್ಭಾಗವನ್ನು ಭುಜದ ಮೇಲೆ ಕೂರುವ ಪಟ್ಟಿಗಳಾದ ಎರಡು ಯೋಕ್‌ಗಳ ನಡುವೆ ಇಟ್ಟು ಹೊಲಿದ ಮೇಲೆ, ಹೊರಯೋಕನ್ನು ಮುಂಭಾಗಗಳ ಭುಜಕ್ಕೆ ಸೇರಿಸಿ. ನಂತರ ಇಡೀ ಮೈಯನ್ನು ಪತ್ರೊಡೆ ಸುತ್ತಿದಂತೆ ಬಿಗಿಯಾಗಿ ಸುರುಳಿ ಸುತ್ತಿ, ಒಳಯೋಕನ್ನು ಸುರುಳಿಯ ಮೇಲಿಂದ ತಂದು ಅದೇ ಭುಜದ ಗೆರೆಗೆ ಹೊಂದಿಸಿ ಹೊಲಿಯಿರಿ. ಕತ್ತಿನ ತೆರಪಿನಿಂದ ಸುರುಳಿಯನ್ನು ಹೊರಗೆಳೆದರೆ ಭುಜದ ಮಾರ್ಜಿನ್ನುಗಳೆಲ್ಲ ಒಳಗೆ ಅಡಗಿರುತ್ತವೆ. ಜಾರುವ ಬಟ್ಟೆಯಲ್ಲಿ ಸುರುಳಿ ಬಿಚ್ಚಿಕೊಂಡು ಹೊಲಿಗೆಗೆ ಸಿಕ್ಕಿಹಾಕಿಕೊಳ್ಳುತ್ತದೆ, ನಾಲ್ಕು ಕಡೆ ಸೂಜಿ ಚುಚ್ಚಿಡಿ. ಭುಜದ ಹೊಲಿಗೆಯೊಳಗೆ ಅದೇ ಬಟ್ಟೆಯ ಕಿನಾರೆಯ ಒಂದು ತೆಳು ಪಟ್ಟಿ ಸೇರಿಸಿದರೆ ಭುಜ ಮುಂದೆ ಜೋಲುವುದಿಲ್ಲ.

ಕಾಲರಿನ ಮೇಲಿನ ಭಾಗ ಕೆಳಗಿನದಕ್ಕಿಂತ ಹೊರ ಅಂಚಿನಲ್ಲಿ 2ರಿಂದ 3 ಮಿ.ಮೀ. ದೊಡ್ಡದಿರಲಿ, ಆಗ ಹೊಲಿಗೆ ಅಡಿಗೆ ಹೊರಳಿ ಮರೆಯಾಗುತ್ತದೆ. ಮೂಲೆಗೆ ಬಂದಾಗ ಚೂಪಾಗಿ ತಿರುಗಬೇಡಿ, ಮೂಲೆಯಲ್ಲಿ ಓರೆಯಾಗಿ ಒಂದೆರಡು ಹೊಲಿಗೆ ಹಾಕಿ ತಿರುಗಿ. ಓದಲು ವಿಚಿತ್ರ, ಆದರೆ ಮಗುಚಿದಾಗ ಹೀಗೆ ಮಾಡಿದ ಮೂಲೆಯೇ ಚೂಪಾಗಿ ಕಾಣುತ್ತದೆ, ಒಳಗಿನ ಬಟ್ಟೆಗೆ ಕೂರಲು ಜಾಗ ಸಿಗುತ್ತದೆ. ಮೂಲೆಯನ್ನು ಕತ್ತರಿಯ ತುದಿಯಿಂದ ಚುಚ್ಚಿ ಹೊರತೆಗೆದರೆ ರೇಯಾನ್ ಹರಿಯುತ್ತದೆ. ಮೊಂಡಾದ ಮರದ ಕಡ್ಡಿ ಬಳಸಿ.

ಇನ್ನು ಕಾಲರ್ ಕೂರಿಸುವುದು, ಶರ್ಟಿನ ಅತಿ ಕಷ್ಟದ ಜಾಗ. ಕಾಲರ್ ಶುರುವಾಗುವ ಬಿಂದು ಮುಂಭಾಗದ ಕತ್ತಿನ ಮೇಲೆ, ಮುಂದಂಚಿನಿಂದ ಸ್ವಲ್ಪ ಒಳಗೆ, ಎರಡೂ ಕಡೆ ಒಂದೇ ದೂರದಲ್ಲಿರಬೇಕು. ಎರಡು ಮುಂಭಾಗಗಳನ್ನು ಒಂದರ ಮೇಲೊಂದಿಟ್ಟು ಟಾಕಾ ಹಾಕಿ ಗುರುತಿಸಿ. ಆ ಬಿಂದುವಿನಲ್ಲಿ ಕತ್ತಿನ ಮಾರ್ಜಿನ್ನಿಗೆ ಹೊಲಿಗೆಗೆ ಒಂದು ಎಳೆ ಉಳಿಯುವಷ್ಟು ಕಚ್ಚು ಹಾಕಿ, ಕತ್ತಿನ ಉಳಿದ ಸುತ್ತಿಗೆ 2 ಸೆಂ.ಮೀ.ಗೊಂದು 7 ಮಿ.ಮೀ.ಯ ಕಚ್ಚು. ಕಚ್ಚು ಹಾಕಿದಾಗ ಬಾಗಿದ ಕತ್ತು ನೇರವಾಗಿ ತೆರೆದುಕೊಂಡು ಕಾಲರಿಗೆ ಒಪ್ಪವಾಗಿ ಕೂರುತ್ತದೆ. ಕೆಳಗಿನ ಕಾಲರನ್ನು ಪೂರ್ತಿ ಕತ್ತಿಗೆ ಟಾಕಾ ಹಾಕಿ. ಮೇಲಿನ ಕಾಲರನ್ನು ಆರಂಭದ ಬಿಂದುವಿನಿಂದ ಭುಜದವರೆಗೆ ಮಾತ್ರ ಸೇರಿಸಿ, ಭುಜದ ಹತ್ತಿರ ಅದರ ಮಾರ್ಜಿನ್ನಿಗೆ ಕಚ್ಚು ಹಾಕಿ, ಬೆನ್ನಿನ ಉದ್ದಕ್ಕೆ ಸ್ವತಂತ್ರವಾಗಿ ಬಿಡಿ. ಒಳಪಟ್ಟಿಯನ್ನು ಹೊರಮೈಗೆ ಹೊರಮೈ ತಾಗುವಂತೆ ಮೇಲಿಟ್ಟು, ಭುಜದಿಂದ ಬಿಂದುವಿಗೆ, ಅಲ್ಲಿಂದ ಮುಂದಂಚಿನ ಮೂಲೆಗೆ, ಆಮೇಲೆ ಕೆಳಗಿನವರೆಗೆ ಹೊಲಿಯಿರಿ. ಬೆನ್ನಿನ ಕತ್ತಿನಲ್ಲಿ ಹೊಲಿಗೆ ಕೆಳಗಿನ ಕಾಲರನ್ನು ಮಾತ್ರ ಹಿಡಿಯಲಿ. ಮಗುಚಿ ಇಸ್ತ್ರಿ ಮಾಡಿ, ಬಿಟ್ಟಿದ್ದ ಮೇಲಿನ ಕಾಲರಿನ ಅಂಚನ್ನು ಒಳಗೆ ಮಡಚಿ ಕೈಹೊಲಿಗೆಯಿಂದ ಮುಚ್ಚಿ. ಒಳಪಟ್ಟಿಯ ಭುಜದ ತುದಿಯನ್ನೂ ಕೈಯಿಂದಲೇ ಸಿಕ್ಕಿಸಿ. ಬಿಂದುವಿನಲ್ಲಿ ಸಣ್ಣ ನೆರಿಗೆ ಕಂಡರೆ ಕಚ್ಚು ಸಾಕಷ್ಟು ಆಳವಿಲ್ಲ ಎಂದರ್ಥ. ತೂತು ಕಂಡರೆ ಹೆಚ್ಚಾಯಿತು.

ತೋಳುಗಳನ್ನು ಪಕ್ಕದ ಹೊಲಿಗೆಗೆ ಮೊದಲೇ, ಎಲ್ಲ ಚಪ್ಪಟೆಯಾಗಿರುವಾಗ ಸೇರಿಸಿ. ತೋಳಿಗೂ ಪಕ್ಕಕ್ಕೂ ಎರಡು ಸಲದ ಮುಚ್ಚು ಹೊಲಿಗೆ: ಮೊದಲು ಒಳಮೈಗೆ ಒಳಮೈ ಸೇರಿಸಿ 6 ಮಿ.ಮೀ.ನಲ್ಲಿ ಹೊಲಿದು, ಮಾರ್ಜಿನ್ನನ್ನು 3 ಮಿ.ಮೀ.ಗೆ ಕತ್ತರಿಸಿ, ಇಸ್ತ್ರಿ ಮಾಡಿ, ಮಗುಚಿ 9 ಮಿ.ಮೀ.ನಲ್ಲಿ ಇನ್ನೊಮ್ಮೆ. ಇಂಟರ್‌ಲಾಕ್ ಹಾಕಿಸಿದರೆ ಬೇಗ ಆಗುತ್ತದೆ, ಆದರೆ ರೇಯಾನಿನ ಅಂಚು ಒಗೆದಂತೆ ಅದರಿಂದ ಕಳಚುತ್ತಾ ಹೋಗುತ್ತದೆ. ಮಗುಚಿದ ಮೇಲೆ ಹೊರಗೆ ಎಳೆಗಳ ಮೀಸೆ ಕಂಡರೆ ಮಾರ್ಜಿನ್ ಸಣ್ಣದಾಗಿ ಕತ್ತರಿಸಿಲ್ಲ.

ಕೆಳ ಅಂಚು ಮಡಚುವ ಮೊದಲು ಶರ್ಟನ್ನು ಅಗಲ ಭುಜದ ಹ್ಯಾಂಗರಿಗೆ ಹಾಕಿ 24 ಗಂಟೆ ನೇತು ಬಿಡಿ. ಓರೆ ಇರುವ ಕಡೆ ಬಟ್ಟೆ ತನ್ನ ಭಾರಕ್ಕೆ ಇಳಿಯುತ್ತದೆ. ಇಳಿದದ್ದನ್ನು ನೆಲದಿಂದ ಅಳೆದು ಸಮ ಮಾಡಿ. ದುಂಡಗಿನ ಅಂಚಿನ ಆಸೆ ಈ ಬಟ್ಟೆಯಲ್ಲಿ ಬಿಡುವುದು ಒಳ್ಳೆಯದು, ನೇರ ಅಂಚು, ಪಕ್ಕಕ್ಕೆ 5 ಸೆಂ.ಮೀ. ಸೀಳು ಸಾಕು. ಸೀಳು ಬೇಕಿದ್ದರೆ ಪಕ್ಕದ ಹೊಲಿಗೆಯನ್ನು ಅಷ್ಟು ಮೇಲೆಯೇ ನಿಲ್ಲಿಸಿ. ಅಂಚಿನಿಂದ 6 ಮಿ.ಮೀ.ನಲ್ಲಿ ಒಂದು ಸಾಲು ಹೊಲಿದು, ಆ ಸಾಲಿನ ಮೇಲೆ ಮಡಚಿ, ಇನ್ನೊಮ್ಮೆ ಮಡಚಿ ಹೊಲಿಯಿರಿ. ತೋಳಿನ ಅಂಚಿಗೆ 2 ಸೆಂ.ಮೀ. ಮಡಿಕೆ ಇದ್ದರೆ ತೋಳು ಚೆನ್ನಾಗಿ ಬೀಳುತ್ತದೆ.

ಕಾಜ ಮತ್ತು ಗುಂಡಿ

18 ಲೈನಿನ ಗುಂಡಿ ಸುಮಾರು 11.5 ಮಿ.ಮೀ. ಅಗಲ. ಕಾಜದ ಉದ್ದ ಎಂದರೆ ಗುಂಡಿಯ ಅಗಲಕ್ಕೆ ಅದರ ದಪ್ಪ ಸೇರಿಸಿದ್ದು, 3 ಮಿ.ಮೀ. ದಪ್ಪವಿದ್ದರೆ 14.5 ಮಿ.ಮೀ. ಮೊದಲ ಕಾಜ ಕಾಲರ್ ತೆರೆದು ಮಡಚಿಕೊಳ್ಳುವ ಜಾಗದಲ್ಲಿ, ಉಳಿದವು 9 ಸೆಂ.ಮೀ. ಅಂತರದಲ್ಲಿ. ಗುಂಡಿ ಹಗುರವಾಗಿರಲಿ, ಲೋಹದ ಗುಂಡಿ ಮುಂಭಾಗವನ್ನು ಜಗ್ಗುತ್ತದೆ. ಭುಲೇಶ್ವರದ ಗಲ್ಲಿಗಳಲ್ಲಿ ಚಿಪ್ಪಿನದು, ತೆಂಗಿನ ಕರಟದ್ದು, ಎರಡೂ ಸಿಗುತ್ತವೆ.

ಮನೆಯ ಮಷೀನಿನಲ್ಲಿ ಕಾಜ ಮಾಡುವವರು ಬಟ್ಟೆಯ ಮೇಲೊಂದು ಕೆಳಗೊಂದು ಬಟರ್ ಪೇಪರಿನ ಚೂರು ಇಟ್ಟು ಹೊಲಿಯಿರಿ. ಹರಿಯುವಾಗ ಹೊಲಿಗೆಯನ್ನು ಬೆರಳಿಂದ ಒತ್ತಿ ಹಿಡಿದಿರಬೇಕು. ಕಾಜ್-ಬಟನ್ ಅಂಗಡಿಗೆ ಕೊಡುವುದಾದರೆ ಪೇಸ್ಟಿಂಗ್ ಹಾಕಿ ಎರಡು ಪದರ ಮಾಡಿದ ಅದೇ ಬಟ್ಟೆಯ ಚೂರನ್ನು ಜೊತೆಗೆ ಒಯ್ದು, ಮೊದಲು ಅದರ ಮೇಲೆ ಒಂದು ಕಾಜ ಹಾಕಿಸಿ ನೋಡಿ. ಅಲ್ಲಿನ ಮಷೀನು ದಪ್ಪ ಹತ್ತಿಗೆ ಹೊಂದಿಸಿರುತ್ತದೆ, ತೆಳು ರೇಯಾನನ್ನು ಚೂರಿ ಕತ್ತರಿಸುವ ಬದಲು ಜಗಿದು ಬಿಡಬಹುದು. ಮನೆಯಲ್ಲಿ ಕತ್ತರಿಸುವಾಗ ಕಾಜದ ಎರಡೂ ತುದಿಗೆ ಗುಂಡುಸೂಜಿ ಅಡ್ಡ ಚುಚ್ಚಿ, ನಡುವಿನಿಂದ ತುದಿಯ ಕಡೆಗೆ ಸೀಳಿ.

ಕೊನೆಗೆ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಸಲ ನೆನೆಸಿ ಗಂಜಿ ಬಿಡಿಸಿ. ಕಾಗದದಂತಿದ್ದ ಶರ್ಟ್ ನೀರಿಗೆ ಬಿದ್ದ ಕೂಡಲೇ ಮತ್ತೆ ನೀರಿನಂತೆಯೇ ಇಳಿಬೀಳುತ್ತದೆ. ಹಿಂಡದೆ ಟವೆಲಿನಲ್ಲಿ ಒತ್ತಿ, ನೆರಳಿನಲ್ಲಿ ಹರಡಿ ಒಣಗಿಸಿ, ಒಳಮೈ ಹೊರಗೆ ಮಾಡಿ ಇಸ್ತ್ರಿ ಹಾಕಿ.